ಜಂಬಪ್ಪನ ಕರೆ

“ಗಂಗಾಳ ಕೆಳಗಿಡು! ಇಡು ಅಂದ್ರ ಇಡು! ಅದೇನು ನಿನ್ನ ಅಕ್ಕನ ಮದುವ್ಯಾಗ ಬಂದ ಸಾಮಾನು ಅಂತ ತಿಳಕೊಂಡಿಯೇನು?”

“ಬಾಯಿ ಹಿಡಿದು ಮಾತಾಡು ಜಂಬಪ್ಪ. ಎದುರಿಗೆ ಯಾರದಾರ ನೋಡಿ ಮಾತಾಡು.”

“ನೋಡೇ ಮಾತಾಡಾಕತ್ತೀನಿ ಮರಿಬಸಣ್ಣ. ನಿಮ್ಮಪ್ಪ ಸಾವ್ಕಾರ ಇದ್ದಿದ್ರ ಈ ಆಟ ನೋಡಿ ಕಾಲಾಗಿನ ಕೆರ ಕೈಗೆ ತೊಗೊಂತಿದ್ದ.”

“ನಮ್ಮಪ್ಪ ಹೋಗಿ ವರ್ಷಾತು. ಈಗ ಸೆಟ್ಟು ನಂದು, ಹಾರ್ನು ನಂದು, ಬೋರ್ಡೂ ನಂದು.”

“ದನಿ?” ಅಂದ ಜಂಬಪ್ಪ. “ದನಿ ಯಾರದು?”

ಇದಕ್ಕೆ ಉತ್ತರ ಬರುವ ಮೊದಲೇ ಕೆಳಗಿನಿಂದ ಮಂಡಕ್ಕಿ ಮಾರುವ ಬಸವಕ್ಕ ಚೀರಿದಳು: “ಯಪ್ಪಾ, ಮೊದಲು ಮೈಕು ಬಂದ್ ಮಾಡ್ರೋ! ನಿಮ್ಮ ಜಗಳ ಊರಿಗೆ ಊರೇ ಕೇಳಾಕತ್ತೈತಿ!”

ನಿಜವೇ. ಮೈಕು ಹಚ್ಚಿದ್ದು ಹಚ್ಚಿದಂತೆಯೇ ಇತ್ತು. ಹತ್ತಿ ಮಾರ್ಕೆಟ್ಟಿನಲ್ಲಿ ಹರಾಜಿನ ಸವಾಲು ಕೂಗುವವರು ಕೂಗುವುದನ್ನು ಬಿಟ್ಟು ಕತ್ತೆತ್ತಿ ಹಾರ್ನಿನ ಕಡೆ ನೋಡುತ್ತಿದ್ದರು. ಸ್ಟೇಷನ್ ರಸ್ತೆಯ ಚಹದಂಗಡಿಯಲ್ಲಿ ಬಸಿಗೆ ಸುರಿದ ಚಹಾ ಆರುತ್ತಿತ್ತು. ಹತ್ತಿಯ ಬೀಜ ಬಿಡಿಸುವ ಜಿನ್ನಿನ ಗೇಟಿನ ಮುಂದೆ ಹಮಾಲರು ಹತ್ತಿಯ ಅಂಡಿಗೆಗಳ ಮೇಲೆ ಬಿದ್ದುಬಿದ್ದು ನಗುತ್ತಿದ್ದರು. ಆದೋನಿಯಲ್ಲಿ ನಾಲ್ಕು ಕಡೆ ಹಾರ್ನು, ನಾಲ್ಕೂ ಕಡೆ ಜಂಬಪ್ಪನ ಬೈಗುಳ. ಮರಿಬಸಪ್ಪ ಓಡಿಬಂದು ಸೆಟ್ಟಿನ ಗುಂಡಿ ತಿರುವಿದ. ಅವನ ಕಿವಿಯ ತುದಿ ಕೆಂಪಾಗಿತ್ತು.

ಗಂಗಾಳ ಹಿಡಿದವನು ಮರಿಬಸಪ್ಪನ ಹೆಂಡತಿಯ ತಮ್ಮ ಭೀಮಲಿಂಗಪ್ಪ. ಇಪ್ಪತ್ತಾರು ವರ್ಷದವನು, ಬಳ್ಳಾರಿಯಲ್ಲಿ ಓದಿ, ಮದ್ರಾಸಿನಲ್ಲಿ ಒಂದು ವರ್ಷ ಇದ್ದು ಬಂದವನು. ಅಷ್ಟು ಓದಿದವನೂ ಜಂಬಪ್ಪನ ಗಂಟಲಿಗೆ ಹೆದರಿ ಗಂಗಾಳವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಅಂಟಿಕೊಂಡಿದ್ದ.

ಆ ಗಂಗಾಳದ ಸಂಗತಿ ಹೇಳಬೇಕಾದರೆ ರೇಡಿಯೋದ ಸಂಗತಿ ಹೇಳಬೇಕು.

ಆದೋನಿಯ ಜನ ಅದನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು. ಅದು ನಿಜವಾದ ರೇಡಿಯೋ ಹೌದೋ ಅಲ್ಲವೋ ಅನ್ನುವ ತಕರಾರು ಓದಿದವರದು. ಹತ್ತಿ ವ್ಯಾಪಾರದ ಸಾವ್ಕಾರ ಕೊಟ್ರಬಸಪ್ಪ ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಮುಂಬಯಿಗೆ ಹೋದಾಗ ದನಿ ದೊಡ್ಡದು ಮಾಡುವ ಒಂದು ಸೆಟ್ಟು, ಒಂದು ಗ್ರಾಮಫೋನು, ಒಂದು ಮೈಕು ಕಟ್ಟಿಸಿಕೊಂಡು ಬಂದ. ತನ್ನ ಹತ್ತಿ ಗೋದಾಮಿನ ಮಾಳಿಗೆಯ ಮೇಲೆ ಒಂದು ಕೋಣೆ ಹಾಕಿಸಿ, ಅಲ್ಲಿಂದ ತಂತಿ ಎಳೆಸಿ, ಮಾರ್ಕೆಟ್ಟಿಗೊಂದು, ಬಜಾರಿಗೊಂದು, ಸ್ಟೇಷನ್ ರಸ್ತೆಗೊಂದು, ಜಿನ್ನಿನ ಗೇಟಿಗೊಂದು ಹಾರ್ನು ಕಟ್ಟಿಸಿದ. ಬೆಳಿಗ್ಗೆ ಎರಡು ತಾಸು, ಮಧ್ಯಾಹ್ನ ಎರಡು ತಾಸು ರಿಕಾರ್ಡು ಹಾಡುತ್ತಿತ್ತು. ನಡುನಡುವೆ ಅರಿವೆ ಅಂಗಡಿಯವರದು, ಬೀಡಿಯವರದು, ಟಾಕೀಸಿನವರದು ಜಾಹೀರಾತು. ಬಾಗಿಲ ಮೇಲೆ ‘ಶ್ರೀ ಬಸವೇಶ್ವರ ಪ್ರಸಾರ’ ಅಂತ ಬೋರ್ಡು.

ಕೂಗುವುದಕ್ಕೆ ಸಾವ್ಕಾರ ಜಂಬಪ್ಪನನ್ನು ಮಾರ್ಕೆಟ್ಟಿನಿಂದ ಎತ್ತಿಕೊಂಡು ಬಂದ. ಜಂಬಪ್ಪ ಬೆಳಗಲ್ ಕಡೆಯವನು. ಬಂಡಿ ಹೊಡೆದುಕೊಂಡು ಆದೋನಿಗೆ ಬಂದು, ಮಾರ್ಕೆಟ್ಟಿನಲ್ಲಿ ಹತ್ತಿಯ ಸವಾಲು ಕೂಗುತ್ತ ಉಳಿದುಬಿಟ್ಟವನು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಓದಿದ್ದು ಬೆಳಗಲ್ಲಿನ ಗುಡಿಯ ಕಟ್ಟೆಯ ಮೇಲೆ ನಾಲ್ಕನೇ ಇಯತ್ತೆ. ಮೈಕು ಮೊದಲ ಸಲ ಕಂಡಾಗ, “ಇದು ಯಾಕ್ರೀ ಸಾವ್ಕಾರ್ರೇ, ಹಂಗೇ ಕೂಗಿದ್ರೂ ಇಸವಿ ಊರಿನ ತನಕ ಕೇಳತೈತಿ,” ಅಂದಿದ್ದ.

ಅವನು ಕೂಗುವ ರೀತಿಯೇ ಬೇರೆ. “ಕೆಂದ ಎತ್ತು ಒಂದು ಮಾರ್ಕೆಟ್ಟಿನ ಹಿಂದ ಒಂದಾ ನಿಂತೈತಿ. ಎತ್ತಿನ ಕೊಳ್ಳಾಗ ಗಂಟಿ ಇಲ್ಲ, ಮಾಲಕನ ತೆಲ್ಯಾಗ ಬುದ್ಧಿ ಇಲ್ಲ. ಜಲ್ದಿ ಬಂದು ಹೊಡಕೊಂಡು ಹೋಗ್ರಿ.” ಎತ್ತಿನವನು ಬೈಸಿಕೊಂಡು ನಗುತ್ತ ಬಂದು ಎತ್ತು ಬಿಡಿಸಿಕೊಂಡು ಹೋಗುತ್ತಿದ್ದ.

ಹತ್ತಿ ಸುಗ್ಗಿಯಲ್ಲಿ ಕೋಸಗಿ, ಮಾಧವರಂ ಕಡೆಯಿಂದ ಜನ ರೈಲುಗಾಡಿ ತುಂಬಿ ಆದೋನಿಗೆ ಕೂಲಿಗೆ ಬರುತ್ತಿದ್ದರು. ಇವತ್ತು ಈ ಜಿನ್ನು, ನಾಳೆ ಅಂಡಿಗೆ ಒತ್ತುವ ಆ ಪ್ರೆಸ್ಸು. ಮನೆಯವರು ಯಾರಾದರೂ ಹುಡುಕಿಕೊಂಡು ಬಂದರೆ ಎಲ್ಲಿ ಅಂತ ಹುಡುಕುವುದು? ಅವರೆಲ್ಲ ಮಾಳಿಗೆ ಹತ್ತಿ ಜಂಬಪ್ಪನಿಗೆ ಹೇಳಿಹೋಗುತ್ತಿದ್ದರು. ಜಂಬಪ್ಪ ಕೂಗುತ್ತಿದ್ದ. ಹಾಗಾಗಿ ಬೋರ್ಡಿನ ಮೇಲೆ ಏನೇ ಇರಲಿ, ಜನರ ಬಾಯಲ್ಲಿ ಅದು ಜಂಬಪ್ಪನ ಕರೆ ಆಯಿತು.

ಮೊದಲ ವರ್ಷವೇ ಮಾಧವರಂನಿಂದ ಒಬ್ಬ ಬಂದ. ಬಾಗಿಲ ಹೊರಗೇ ನಿಂತ. ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದ. ನೀರು ಕೊಟ್ಟರೆ ಮುಟ್ಟಲಿಲ್ಲ, ಕೂಡು ಅಂದರೆ ಕೂಡಲಿಲ್ಲ. ಸಾವಿನ ಸುದ್ದಿ ತಂದವನು ಹಾಗೆಯೇ. ಅವನು ಬಾಯಿ ಬಿಟ್ಟು ಹೇಳುವ ಮೊದಲೇ ಎದುರಿನವರಿಗೆ ಗೊತ್ತಾಗಬೇಕು. ಜಿನ್ನಿನಲ್ಲಿ ಹತ್ತಿ ಆರಿಸುವ ಹುಲುಗಮ್ಮನ ತಾಯಿ ತೀರಿಕೊಂಡಿದ್ದಳು. ಹುಲುಗಮ್ಮ ಕೆಲಸಕ್ಕೆ ಹೋಗುವಾಗ ಜಂಬಪ್ಪನಿಗೆ ದಿನಾ ಎರಡು ರೊಟ್ಟಿ ಕೊಟ್ಟುಹೋಗುತ್ತಿದ್ದ ಹೆಣ್ಣುಮಗಳು. ಹಾಡುತ್ತಿದ್ದ ರಿಕಾರ್ಡಿನ ಮೇಲಿಂದ ಜಂಬಪ್ಪ ಮುಳ್ಳು ಎತ್ತಿದ. ಮೈಕಿನ ಮುಂದೆ ಬಾಯಿ ತೆರೆದ. ದನಿ ಬರಲಿಲ್ಲ. ಊರ ತುಂಬ ಹಾರ್ನುಗಳು ಹಾಗೇ ಸುಮ್ಮನೆ ನಿಂತವು. ಸ್ವಲ್ಪ ಹೊತ್ತಾದ ಮೇಲೆ ಗಂಟಲು ಸರಿಮಾಡಿಕೊಂಡು, “ಮಾಧವರಂ ಹುಲುಗಮ್ಮ, ಊರಿಗೆ ಬಾ,” ಅಂದ. ಅಷ್ಟೇ. ಮತ್ತೆ ರಿಕಾರ್ಡು ಹಚ್ಚಲಿಲ್ಲ.

ಅವತ್ತಿನಿಂದ ಅದೇ ಪದ್ಧತಿ ನಿಂತಿತು. ಹಾಡು ನಡುವೆ ನಿಂತು ಹಾರ್ನು ಸುಮ್ಮನಾದರೆ ಸಾವು. ಆಗ ಆದೋನಿಯಲ್ಲಿ ಕೂಲಿಯವರೆಲ್ಲ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಿಲ್ಲುತ್ತಿದ್ದರು. ಹೆಸರು ಬರುವ ತನಕ ಒಬ್ಬರೂ ಉಸಿರು ಬಿಡುತ್ತಿರಲಿಲ್ಲ. ಹೆಸರು ಬಂದವನ ಸುತ್ತ ನಾಲ್ಕು ಜನ ಸೇರಿಕೊಂಡು, ಅವನನ್ನು ಸ್ಟೇಷನ್ನಿನ ತನಕ ಕೈ ಹಿಡಿದು ನಡೆಸಿಕೊಂಡು ಹೋಗುತ್ತಿದ್ದರು. ಒಬ್ಬನೇ ಹೋಗಲು ಬಿಡುತ್ತಿರಲಿಲ್ಲ.

ಗಂಗಾಳ ಬಸವಕ್ಕನದು. ಕೋಸಗಿಯಲ್ಲಿ ಯಾರದೋ ಹೆರಿಗೆಯಾಯಿತು ಅಂತ ಸುದ್ದಿ ಬಂದ ದಿನ ಆಕೆ ಕೆಳಗಿನಿಂದ ಹಿತ್ತಾಳೆ ಗಂಗಾಳ ಹಿಡಿದುಕೊಂಡು ಮಾಳಿಗೆ ಹತ್ತಿಬಂದು, “ಕೂಸು ಹುಟ್ಟಿದ್ರ ಗಂಗಾಳ ಬಡೀಬೇಕೋ ಜಂಬಣ್ಣ, ಹಂಗೇ ಹೇಳಬಾರದು,” ಅಂತ ಮೈಕಿನ ಮುಂದೆ ಮೂರು ಸಲ ಬಡಿದಳು. ಗಂಡಾದರೂ ಮೂರು, ಹೆಣ್ಣಾದರೂ ಮೂರು. ಅದು ಆಕೆಯ ಹಟ. ಗಂಗಾಳ ಅಲ್ಲೇ ಉಳಿಯಿತು. ಗಂಗಾಳ ಬಡಿದರೆ ಹುಟ್ಟು, ಮುಳ್ಳು ಎತ್ತಿದರೆ ಸಾವು. ಇದನ್ನು ಯಾರೂ ಎಲ್ಲೂ ಬರೆದಿಡಲಿಲ್ಲ. ಬರೆಯುವ ಅಗತ್ಯ ಯಾರಿಗೂ ಬೀಳಲಿಲ್ಲ.

ಈಗ ನಲವತ್ತಮೂರು. ಸಾವ್ಕಾರ ಸತ್ತು ವರ್ಷವಾಗಿತ್ತು. ಯುದ್ಧ ನಡೆದಿತ್ತು. ಮರಿಬಸಪ್ಪ ಕೆಟ್ಟವನಲ್ಲ. ಅಪ್ಪನಿಗಿಂತ ಚುರುಕು, ಅಪ್ಪನಷ್ಟು ಜನರ ನಡುವೆ ಕೂತವನಲ್ಲ, ಅಷ್ಟೇ. ಸರಕಾರದ ಯುದ್ಧದ ಸುದ್ದಿ ತನ್ನ ಹಾರ್ನಿನಲ್ಲಿ ಬರಬೇಕು, ಮದ್ರಾಸಿನ ಎಣ್ಣೆಯವರು, ಸೋಪಿನವರು ತನಗೆ ಜಾಹೀರಾತು ಕೊಡಬೇಕು ಅಂತ ಅವನ ಆಸೆ. ಹಳೆಯ ಬೋರ್ಡು ಇಳಿಸಿ ‘ನ್ಯೂ ವಿಕ್ಟರಿ ರೇಡಿಯೋ, ಆದೋನಿ’ ಅಂತ ಹೊಸ ಬೋರ್ಡು ಬರೆಸಿದ. ಕೂಗಲು ಭೀಮಲಿಂಗಪ್ಪನನ್ನು ಕರೆಸಿದ. ಇಷ್ಟನ್ನೂ ಜಂಬಪ್ಪ ಹಲ್ಲು ಕಚ್ಚಿ ಸಹಿಸಿದ್ದ. ಆದರೆ ಮದ್ರಾಸಿನ ರೇಡಿಯೋಕ್ಕೆ ಒಂದು ಗುರುತಿನ ನಾದ ಇರುತ್ತದಂತೆ, ನಮಗೂ ಒಂದು ಬೇಕು, ಈ ಗಂಗಾಳದ ದನಿ ಭಾಳ ಚಲೋ ಐತಿ, ಇನ್ನು ಮೇಲೆ ಪ್ರತಿ ಮಾತಿಗೂ ಮೊದಲು ಗಂಗಾಳ ಬಡಿಯಬೇಕು ಅಂತ ಭೀಮಲಿಂಗಪ್ಪ ಹೇಳಿದಾಗ ಜಂಬಪ್ಪನ ತಲೆ ಸಿಡಿಯಿತು. ಜಗಳ ಹತ್ತಿದ್ದು ಅಲ್ಲಿ.

“ಎಲ್ಲಾದಕ್ಕೂ ಗಂಗಾಳ ಬಡಿದ್ರ ಜನಕ್ಕ ಏನು ತಿಳಿತೈತಿ?” ಮೈಕು ಬಂದಾದ ಮೇಲೂ ಜಂಬಪ್ಪನ ದನಿ ತಗ್ಗಲಿಲ್ಲ. “ಎಣ್ಣಿಗೂ ಗಂಗಾಳ, ಬೀಡಿಗೂ ಗಂಗಾಳ, ಹೆಣಕ್ಕೂ ಗಂಗಾಳ?”

“ಹೆಣದ ಸುದ್ದಿ ಇನ್ನು ಬ್ಯಾಡೇ ಬ್ಯಾಡ,” ಅಂದ ಮರಿಬಸಪ್ಪ. “ಹಾಡಿನ ನಡುವ ಬಂದ್ ಮಾಡಿ ಸುಮ್ಮನ ಕುಂದ್ರತಿ. ಜಾಹೀರಾತು ಕೊಟ್ಟಾವ್ರು ಸೆಟ್ಟು ಕೆಟ್ಟೈತಿ ಅಂತ ತಿಳಕೊಂತಾರ. ಜನರ ಕರೆ ಬೇಕಾದ್ರ ಚೀಟಿ ಬರೆದು ಭೀಮಲಿಂಗನ ಕೈಗೆ ಕೊಡು. ಅವ ಓದ್ತಾನ. ನೀನು ರಿಕಾರ್ಡು ಹಚ್ಚು, ಬ್ಯಾಟರಿ ನೋಡಕೋ.”

“ಅಂದ್ರ ನಾ ಕೂಗೋದು ಬ್ಯಾಡ?”

“ವಯಸ್ಸಾತು ಜಂಬಣ್ಣ. ಮತ್ತ ನಿನ್ನ ಮಾತು ಹಳ್ಳಿ ಮಾತು.”

ಜಂಬಪ್ಪ ಭೀಮಲಿಂಗಪ್ಪನ ಕಡೆ ತಿರುಗಿದ. “ಏಮಯ್ಯಾ, ನಿನ್ನದು ಯಾವ ಮಾತು? ಬಾಯಾಗ ಎಲಿ ಅಡಿಕಿ ಇಟ್ಟಕೊಂಡಂಗ ಮಾತಾಡ್ತಿ!”

ಜಂಬಪ್ಪ ಮೂಲೆಯಲ್ಲಿದ್ದ ಬ್ಯಾಟರಿಯ ಪೆಟ್ಟಿಗೆಯ ಮೇಲೆ ಹೋಗಿ ಕೂತ. ಏಳು ವರ್ಷ ಕೂತ ಮೈಕಿನ ಮುಂದಿನ ಕುರ್ಚಿಯಲ್ಲಿ ಭೀಮಲಿಂಗಪ್ಪ ಕೂತ. ಕುರ್ಚಿಯ ಮೇಲೆ ಜಂಬಪ್ಪ ಹಾಕಿಕೊಂಡಿದ್ದ ಹಳೆಯ ಗೋಣಿಯನ್ನು ಎರಡು ಬೆರಳಲ್ಲಿ ಎತ್ತಿ ಕೆಳಗೆ ಹಾಕಿದ. ಜಂಬಪ್ಪನಿಗೆ ಬೋರ್ಡಿಗಿಂತ, ಗಂಗಾಳಕ್ಕಿಂತ, ಆ ಎರಡು ಬೆರಳು ಹೆಚ್ಚು ಚುಚ್ಚಿದವು.

ಅವತ್ತು ಬೆಳಿಗ್ಗೆ, ಜಗಳಕ್ಕೂ ಮೊದಲು, ಕೋಸಗಿಯ ಪಕೀರಪ್ಪ ಮಾಳಿಗೆಯ ಕೆಳಗೆ ನಿಂತು ಕೂಗಿದ್ದ. “ಮಾಮಾ, ಇವತ್ತರ ಬಡಿತಿಯೇನು?”

“ಹೆರೋದು ನಾನಲ್ಲೋ, ನಿನ್ನ ಹೇಣ್ತಿ,” ಅಂದಿದ್ದ ಜಂಬಪ್ಪ. “ಆಕಿಗೆ ಹೇಳು ಹೋಗು, ಜಲ್ದಿ ಮಾಡು ಅಂತ.”

ಹದಿನೈದು ದಿನದಿಂದ ಅದೇ ಮಾತು. ಪಕೀರಪ್ಪ ಜಿನ್ನಿನಲ್ಲಿ ಹಮಾಲಿ ಮಾಡುವವನು. ಮದುವೆಯಾಗಿ ಆರು ವರ್ಷದ ಮೇಲೆ ಕೋಸಗಿಯಲ್ಲಿದ್ದ ಹೆಂಡತಿ ಉಚ್ಚಮ್ಮನಿಗೆ ದಿನ ತುಂಬಿದ್ದವು. ಮಧ್ಯಾಹ್ನ ರೊಟ್ಟಿ ತಿನ್ನಲು ಬಿಟ್ಟಾಗ ಅವನು ಜಿನ್ನಿನ ನೆರಳು ಬಿಟ್ಟು ಹಾರ್ನಿನ ಕಂಬದ ಬುಡದಲ್ಲಿ ಬಿಸಿಲಲ್ಲೇ ಕೂತು ತಿನ್ನುತ್ತಿದ್ದ. ಜೊತೆಯವರು, “ಏ ಪಕೀರ, ಹಾರ್ನಿನೊಳಗಿಂದ ಕೂಸು ಕೆಳಗ ಬೀಳತೈತಿ ಅಂತ ಕುಂತಿಯೇನು?” ಅಂತ ಚೇಷ್ಟೆ ಮಾಡುತ್ತಿದ್ದರು. ಅವನೂ ನಗುತ್ತಿದ್ದ. ಜಾಗ ಮಾತ್ರ ಬಿಡುತ್ತಿರಲಿಲ್ಲ.

ಜಗಳ ಮುಗಿದು ಒಂದು ತಾಸೂ ಆಗಿರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಹೆಜ್ಜೆ ಬಾಗಿಲ ಹೊರಗೇ ನಿಂತಿತು. ಜಂಬಪ್ಪ ತಲೆ ಎತ್ತಿ ನೋಡಿದ. ಕೋಸಗಿಯ ಬಜಾರಪ್ಪ, ಉಚ್ಚಮ್ಮನ ದೊಡ್ಡಪ್ಪನ ಮಗ. ರುಮಾಲು ಹೆಗಲ ಮೇಲಿತ್ತು.

ಜಂಬಪ್ಪ ಎದ್ದು ಹೊರಗೆ ಹೋದ. ಬಜಾರಪ್ಪ ಅವನ ಮುಖ ನೋಡಲಿಲ್ಲ, ಗೋಡೆ ನೋಡುತ್ತ ಹೇಳಿದ.

“ನಿನ್ನೆ ಹೊತ್ತು ಮುಳಗಾಕ ಬ್ಯಾನಿ ಸುರು ಆದ್ವು. ಸೂಲಗಿತ್ತಿ ಕೈ ಮೀರಿತು. ಎರಡೂ ಜೀವ, ಜಂಬಣ್ಣ.”

ಜಂಬಪ್ಪ ಬಾಗಿಲನ್ನು ಹಿಂದಿನಿಂದ ಎಳೆದು ಮುಚ್ಚಿದ.

“ಪಕೀರ ಬರೋ ತನಕ ಹೆಣ ಇಡತೀವಿ. ನಾ ಹಿಂಗೇ ಇಸವಿಗೆ ಹೋಗಬೇಕು, ಅಲ್ಲಿ ಆಕಿ ಅಕ್ಕ ಅದಾಳ. ನೀ ಒಂದು ಕರೆ ಕೊಡು.” ಅಷ್ಟು ಹೇಳಿ ಬಜಾರಪ್ಪ ಇಳಿದುಹೋದ. ಬಸವಕ್ಕ ಅಂಗಡಿಯ ಹಿಂದೆ ಮಂಡಕ್ಕಿ ಹುರಿಯುತ್ತಿದ್ದಳು. ಅವನು ಬಂದದ್ದೂ ಆಕೆಗೆ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ.

ಜಂಬಪ್ಪ ಒಳಗೆ ಬಂದು ಚೀಟಿ ಹರಿದ. ಪೆನ್ಸಿಲ್ಲಿನಿಂದ ಬರೆದ: ‘ಕೋಸಗಿ ಪಕೀರಪ್ಪ, ಜಿನ್ನಿನ ಹಮಾಲಿ, ಊರಿಗೆ ಬಾ.’ ಏಳು ವರ್ಷದಿಂದ ಕೂಗಿದ್ದೂ ಅಷ್ಟೇ, ಬರೆದದ್ದೂ ಅಷ್ಟೇ. ಭೀಮಲಿಂಗಪ್ಪನ ಮುಂದೆ ಇಟ್ಟ.

ಭೀಮಲಿಂಗಪ್ಪ ಚೀಟಿ ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ನಿಜವಾಗಿಯೂ ಮರ್ಯಾದೆಯಿಂದಲೇ ಕೇಳಿದ. “ಇಷ್ಟೇ ಏನ್ರಿ ಜಂಬಪ್ಪನವರೇ? ಇದರಾಗ ಏನರ ವಿಶೇಷ ಐತೇನು? ಹೆಂಗ ಓದಬೇಕು?”

ಆ ಕ್ಷಣಕ್ಕೆ ಜಂಬಪ್ಪ ಹೇಳಬಹುದಿತ್ತು. ಮುಳ್ಳು ಎತ್ತು, ಸುಮ್ಮನಿರು, ಆಮೇಲೆ ಓದು, ಗಂಗಾಳ ಮುಟ್ಟಬೇಡ. ನಾಲ್ಕು ಮಾತು. ಆ ನಾಲ್ಕು ಮಾತು ಅವನ ಹಲ್ಲಿನ ತನಕ ಬಂದವು. ಅಷ್ಟರಲ್ಲಿ ಅವನ ಕಣ್ಣಿಗೆ ಕುರ್ಚಿಯ ಕೆಳಗೆ ಬಿದ್ದ ಗೋಣಿ ಕಂಡಿತು. ಓದಲಿ, ಅಂದುಕೊಂಡ. ಮದ್ರಾಸಿನವನು, ಎಲ್ಲ ಗೊತ್ತಿದ್ದವನು, ಓದಲಿ. ತಪ್ಪಲಿ. ಊರು ಉಗುಳಲಿ. ಮರಿಬಸಪ್ಪ ಬಂದು ಜಂಬಣ್ಣ ನೀನೇ ಕೂಗಪ್ಪ ಅಂತ ಕೈ ಮುಗಿಯಲಿ. ಅವನ ತಲೆಯಲ್ಲಿದ್ದದ್ದು ಇಷ್ಟೇ. ಪಕೀರಪ್ಪ ಅದರಲ್ಲಿ ಎಲ್ಲೂ ಇರಲಿಲ್ಲ.

“ಇದ್ದದ್ದು ಓದು,” ಅಂದ.

ಭೀಮಲಿಂಗಪ್ಪ ಹಾಡು ಮುಗಿಯುವ ತನಕ ಕಾದ. ಜಗಳವಾದ ಮೇಲೆ ಮೊದಲ ಸಲ ಗಂಗಾಳ ಎತ್ತಿದ. ಟಣ್, ಟಣ್, ಟಣ್. “ನ್ಯೂ ವಿಕ್ಟರಿ ರೇಡಿಯೋ, ಆದೋನಿ. ಕೋಸಗಿಯ ಶ್ರೀ ಪಕೀರಪ್ಪನವರೇ, ಕೂಡಲೇ ತಮ್ಮ ಊರಿಗೆ ಬರತಕ್ಕದ್ದು.” ಅವನ ದನಿ ಒಳ್ಳೆಯ ದನಿ. ಮದುವೆಗೆ ಕರೆದ ಹಾಗೆ ಇತ್ತು. ಮತ್ತೆ ಟಣ್, ಟಣ್, ಟಣ್. ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಅದರ ಹಿಂದೆಯೇ ಹೊಸ ರಿಕಾರ್ಡು.

ಜಿನ್ನಿನ ಗೇಟಿನ ಕಡೆಯಿಂದ ಹೋ ಅಂತ ಕೂಗು ಎದ್ದಿತು. ಮಾಳಿಗೆಯ ತನಕ ಕೇಳಿಸಿತು. ಕೆಳಗೆ ಬಸವಕ್ಕ ಕೈ ತಟ್ಟಿ, “ಹಡದಳೋ ಉಚ್ಚಮ್ಮ! ಹಡದಳೋ!” ಅಂತ ಕೂಗಿದಳು.

ಆಗ ಜಂಬಪ್ಪನ ಸಿಟ್ಟು ಇಳಿಯಿತು. ಇಳಿದದ್ದು ಅಂದರೆ ಹೇಗೆ, ಕಾಲ ಕೆಳಗಿನ ಹಲಗೆ ಸರಿದ ಹಾಗೆ. ಎದ್ದ. ಮೆಟ್ಟಿಲು ಎರಡೆರಡು ಹಾರಿ ಇಳಿದ. ಜಿನ್ನಿನ ಕಡೆ ಓಡಿದ. ಐವತ್ತು ದಾಟಿದ ಮೈ, ಬಜಾರಿನ ಬಂಡಿಗಳ ನಡುವೆ ನುಸುಳಿ ಗೇಟಿಗೆ ಹೋಗುವಷ್ಟರಲ್ಲಿ ಪಕೀರಪ್ಪ ಅಲ್ಲಿರಲಿಲ್ಲ. “ಕೂಸಿಗೆ ಏನೋ ತರತೀನಿ ಅಂತ ಅಂಗಡಿ ಸಾಲಿಗೆ ಹೋದ,” ಅಂದರು. ಅಂಗಡಿ ಸಾಲಿಗೆ ಹೋದರೆ, “ಈಗ ನಿಮ್ಮ ಮಾಳಿಗಿ ಕಡೆನೇ ಬಂದನಲ್ಲ,” ಅಂದರು.

ಜಂಬಪ್ಪ ತಿರುಗಿ ಬಂದಾಗ ಪಕೀರಪ್ಪ ಬಸವಕ್ಕನ ಅಂಗಡಿಯ ಮುಂದೆ ನಿಂತಿದ್ದ. ಯುದ್ಧದ ಕಾಲ, ಸಕ್ಕರೆ ಸಿಗದು. ಬಸವಕ್ಕ ಅವನ ಟವೆಲ್ಲಿನಲ್ಲಿ ಪುಟಾಣಿ ಕಡಲೆ ಸುರಿದು, ಬೆಲ್ಲದ ಅಚ್ಚು ಕುಟ್ಟಿ ಕಲಸಿ ಕೊಡುತ್ತಿದ್ದಳು. ಜಂಬಪ್ಪನನ್ನು ನೋಡಿದ ಕೂಡಲೇ ಪಕೀರಪ್ಪ ಬಗ್ಗಿ ಕಾಲು ಮುಟ್ಟಿದ.

“ಮಾಮಾ! ನೀ ಯಾಕ ಕೂಗಲಿಲ್ಲ ಮಾಮಾ? ಆ ಹೊಸಬ ನನ್ನ ಶ್ರೀ ಪಕೀರಪ್ಪನವರೇ ಅಂದ! ಎಲ್ಲಾರೂ ನಗಾಕತ್ತಾರ. ಗಂಡೋ ಹೆಣ್ಣೋ ಹೇಳು ಮಾಮಾ.”

“ಪಕೀರಾ,” ಅಂದ ಜಂಬಪ್ಪ.

“ಗಂಡು ಹೆಣ್ಣು ಯಾವುದಾದ್ರೂ ಆಗಲಿ, ಹೇಳು. ಸುದ್ದಿ ತಂದಾವ ನಿನ್ನ ಮುಂದ ಹೇಳಿರತಾನ.” ಅವನು ಅಂಗಿಯ ಒಳಗಿನಿಂದ ಏನೋ ತೆಗೆದ. ಕೂಸಿನ ತಲೆಗೆ ಹಾಕುವ ಕೆಂಪು ಬಟ್ಟೆಯ ಕುಲಾಯಿ. ಅಂಗೈಯಷ್ಟು. ಅಂಚಿಗೆ ಬಿಳಿ ದಾರ. “ಇದು ಇಬ್ಬರಿಗೂ ನಡಿತೈತಂತ. ಅಂಗಡಿಯಾವ ಹೇಳಿದ.”

ಜಂಬಪ್ಪ ಬಾಯಿ ತೆರೆದ. ಪಕೀರಪ್ಪ ಆ ತೆರೆದ ಬಾಯಿಗೆ ಒಂದು ಚಿಟಿಕೆ ಬೆಲ್ಲ ಪುಟಾಣಿ ಹಾಕಿಬಿಟ್ಟ.

ಸವಾಲು ಕೂಗಿದ ಬಾಯಿ, ಏಳು ವರ್ಷ ಊರಿಗೆಲ್ಲ ಸುದ್ದಿ ಹೇಳಿದ ಬಾಯಿ. ಬೆಲ್ಲ ನಾಲಿಗೆಯ ಮೇಲೆ ಕರಗುತ್ತಿತ್ತು. ಉಗುಳಲು ಆಗಲಿಲ್ಲ, ನುಂಗಲು ಆಗಲಿಲ್ಲ. ಬಸವಕ್ಕ ನಗುತ್ತ ನೋಡುತ್ತಿದ್ದಳು. ಸುತ್ತ ನಾಲ್ಕಾರು ಹಮಾಲರು ಕೈಯೊಡ್ಡಿ ನಿಂತಿದ್ದರು. ಇಷ್ಟು ಜನರ ನಡುವೆ, ಈ ಮುಖ ನೋಡುತ್ತ, ಹೇಗೆ ಹೇಳುವುದು? ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೇಳಬಹುದಿತ್ತು. ಜೊತೆಗೆ ಗಾಡಿ ಹತ್ತಿ ಕೋಸಗಿಯ ತನಕ ಹೋಗಬಹುದಿತ್ತು. ಯಾವುದನ್ನೂ ಮಾಡಲಿಲ್ಲ.

“ಗಾಡಿಗೆ ಹೊತ್ತಾತು,” ಅಂದ. “ಹೋಗು.”

ಪಕೀರಪ್ಪ ಕುಲಾಯಿಯನ್ನು ಮತ್ತೆ ಅಂಗಿಯೊಳಗೆ ಇಟ್ಟುಕೊಂಡು, ಟವೆಲ್ಲಿನ ಗಂಟು ಹಿಡಿದು, ಸ್ಟೇಷನ್ ರಸ್ತೆಯಲ್ಲಿ ಸಿಕ್ಕವರ ಕೈಗೆಲ್ಲ ಬೆಲ್ಲ ಪುಟಾಣಿ ಹಾಕುತ್ತ ಹೋದ. ಒಬ್ಬನೇ ಹೋದ. ಯಾರೂ ಅವನ ಕೈ ಹಿಡಿದು ನಡೆಸಲಿಲ್ಲ.

ಮರುದಿನ ಬೆಳಗಿನ ಗಾಡಿಗೆ ಬಜಾರಪ್ಪ ಬಂದ. ಈ ಸಲ ರುಮಾಲು ತಲೆಯ ಮೇಲಿತ್ತು. ಬಾಗಿಲ ಹೊರಗೆ ನಿಲ್ಲಲಿಲ್ಲ. ಸೀದಾ ಒಳಗೆ ಬಂದ. ಮರಿಬಸಪ್ಪ, ಭೀಮಲಿಂಗಪ್ಪ ಇಬ್ಬರೂ ಇದ್ದರು. ಬಜಾರಪ್ಪ ಅವರ ಕಡೆ ನೋಡಲಿಲ್ಲ.

“ನಾ ತೆಲಿ ರುಮಾಲು ಬಿಚ್ಚಿಕೊಂಡು ನಿನ್ನ ಮುಂದ ನಿಂತಿದ್ದೆ, ಜಂಬಪ್ಪ. ನಿನ್ನ ಕಣ್ಣು ಕುರುಡಾಗಿದ್ವೇನು?”

ಜಂಬಪ್ಪ ಬ್ಯಾಟರಿಯ ಪೆಟ್ಟಿಗೆಯ ಮೇಲೆ ಕೂತೇ ಇದ್ದ.

“ಕೋಸಗಿ ಸ್ಟೇಷನ್ನಿನಾಗ ಇಳದು ಪೋರ್ಟರಿಗೆ ಕೊಟ್ಟ. ಬಾವಿ ಕಟ್ಟಿ ಮ್ಯಾಲಿನ ಹೆಣ್ಣುಮಕ್ಕಳಿಗೆ ಕೊಟ್ಟ. ಅವರು ಅಳಾಕತ್ತಿದ್ರು, ಇವ ಅವರ ಕೈ ಬಿಚ್ಚಿ ಬಿಚ್ಚಿ ಬೆಲ್ಲ ಹಾಕ್ಯಾನ. ಯಾರಿಗೂ ಬಾಯಿ ಬರಲಿಲ್ಲ. ಓಣಿ ತುಂಬ ಜನ ನಿಂತಾರ, ದಾರಿ ಬಿಡತಾರ, ಇವ ಎಲ್ಲಾರೂ ಕೂಸು ನೋಡಾಕ ಬಂದಾರ ಅಂತ ತಿಳಕೊಂಡು ಒಬ್ಬೊಬ್ಬರಿಗೆ ಕೊಡಕೊಂತ ಬಂದ. ಬಾಗಿಲಿಗೆ ಬಂದು ಒಳಗ ನೋಡಿದ.” ಬಜಾರಪ್ಪ ಅಂಗೈಯಿಂದ ಕಣ್ಣು ಒರೆಸಿಕೊಂಡ. “ಆ ಕುಲಾಯಿ ಆ ಕೂಸಿಗೇ ಹಾಕಿ ಮಣ್ಣು ಮಾಡಿದ್ವಿ. ಅವ ನಿನ್ನೆಯಿಂದ ಬ್ಯಾರೆ ಒಂದು ಮಾತು ಆಡಿಲ್ಲ. ಗಂಗಾಳ ಬಡಿದ್ರಲ್ಲ, ಗಂಗಾಳ ಬಡಿದ್ರಲ್ಲ ಅಂತ ಅದೊಂದೇ ಅಂತಾನ.”

ಅವನು ಹೋದ ಮೇಲೆ ಭೀಮಲಿಂಗಪ್ಪ ಅಳುತ್ತಿದ್ದ. “ನನಗ ಗೊತ್ತಿರಲಿಲ್ಲ ಭಾವ. ನಾ ಕೇಳಿದೆ. ಹೆಂಗ ಓದಬೇಕು ಅಂತ ಕೇಳಿದೆ.”

“ಅವ ಕೇಳಿದ,” ಅಂದ ಜಂಬಪ್ಪ. “ನನಗ ಗೊತ್ತಿತ್ತು. ನಾ ಹೇಳಲಿಲ್ಲ.”

ಮರಿಬಸಪ್ಪ ಅವನ ಮುಖ ನೋಡಿದ. ಬೈಯುತ್ತಾನೆ ಅಂತ ಜಂಬಪ್ಪ ಕಾದ. ಬೈದಿದ್ದರೆ ಚೆನ್ನಾಗಿತ್ತು. ಮರಿಬಸಪ್ಪ ಗಂಗಾಳ ಎತ್ತಿ ಮೊದಲು ಇದ್ದ ಮೊಳೆಗೆ ಸಿಗಿಸಿದ. ಕೆಳಗೆ ಬಿದ್ದಿದ್ದ ಗೋಣಿಯನ್ನು ತಾನೇ ಬಗ್ಗಿ ಎತ್ತಿ, ಝಾಡಿಸಿ, ಕುರ್ಚಿಯ ಮೇಲೆ ಹಾಸಿದ.

“ತಪ್ಪು ಎಲ್ಲಾರದೂ ಐತಿ,” ಅಂದ. “ಗಂಗಾಳ ಕೂಸಿಗೇ ಇರಲಿ. ಜನರ ಕರೆ ನೀನೇ ಕೂಗು ಜಂಬಣ್ಣ. ಮೊದಲು ಹೆಂಗ ಕೂಗತಿದ್ದಿಯೋ ಹಂಗೇ. ನಾ ನಡುವ ಬರೂದಿಲ್ಲ.”

ನಿನ್ನೆ ಈ ಮಾತು ಬಂದಿದ್ದರೆ ಜಂಬಪ್ಪ ಮಾಳಿಗೆಯ ಮೇಲಿಂದ ಮೀಸೆ ತಿರುವಿಕೊಂಡು ಬಜಾರು ನೋಡುತ್ತಿದ್ದ. ಇವತ್ತು ಎದ್ದು ಕುರ್ಚಿಯ ಹತ್ತಿರ ಬಂದ. ಗೋಣಿಯ ಮೇಲೆ ಕೈ ಇಟ್ಟ. ಕೂಡಲಿಲ್ಲ. ಬೆಳಗಿನ ರಿಕಾರ್ಡು ಹಾಡುತ್ತಿತ್ತು. ನಿಂತುಕೊಂಡೇ ಮುಳ್ಳು ಎತ್ತಿದ.

ಹಾರ್ನು ನಾಲ್ಕೂ ಸುಮ್ಮನಾದವು.

ಮಾರ್ಕೆಟ್ಟಿನಲ್ಲಿ ಸವಾಲು ನಿಂತಿತು. ಜಿನ್ನಿನ ಗೇಟಿನಲ್ಲಿ ಹಮಾಲರು ಹೊತ್ತ ಅಂಡಿಗೆ ಇಳಿಸಿ ನಿಂತರು. ಹತ್ತಿ ಆರಿಸುವ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ಹೊರಗೆ ಬಂದರು. ಕೆಳಗೆ ಬಸವಕ್ಕ ತಕ್ಕಡಿ ಕೆಳಗಿಟ್ಟಳು. ನಿನ್ನೆ ಗಂಗಾಳದ ಸದ್ದು ಕೇಳಿ ಕುಣಿದವರೆಲ್ಲ ಇವತ್ತು ಹಾರ್ನಿನ ಬಾಯಿ ನೋಡುತ್ತ ನಿಂತರು. ಯಾವ ಊರು? ಯಾರು?

ಬಹಳ ಹೊತ್ತಾಯಿತು. ಅಷ್ಟು ಹೊತ್ತು ಅವನು ಹಿಂದೆ ಎಂದೂ ಸುಮ್ಮನಿದ್ದವನಲ್ಲ.

“ಬೆಳಗಲ್ ಜಂಬಪ್ಪ,” ಅಂದ. ದನಿ ಒರಟಾಗಿತ್ತು. ಆದರೂ ನಡುಗಲಿಲ್ಲ. “ಊರಿಗೆ ಬಾ.”

ಮೈಕಿನ ಗುಂಡಿ ತಾನೇ ಬಂದ್ ಮಾಡಿದ. ತಲೆಯ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಮರಿಬಸಪ್ಪ, “ಜಂಬಣ್ಣ, ಏ ಜಂಬಣ್ಣ,” ಅಂತ ಬಾಗಿಲ ತನಕ ಬಂದ. ಜಂಬಪ್ಪ ಮೆಟ್ಟಿಲು ಒಂದೊಂದಾಗಿ ಇಳಿದ.

ಕೆಳಗೆ ಬಸವಕ್ಕ ಚೊಂಬು ಹಿಡಿದು ಅಡ್ಡ ನಿಂತಿದ್ದಳು. ಬಜಾರಪ್ಪ ಇಳಿದು ಹೋಗುವಾಗ ಆಕೆಗೆ ಎಲ್ಲ ಹೇಳಿ ಹೋಗಿದ್ದ. ಅತ್ತು ಆಕೆಯ ಕಣ್ಣು ಊದಿದ್ದವು.

“ಎಲ್ಲಿಗೋ ಹೊಂಟಿ? ಬೆಳಗಲ್ಲಿನಾಗ ನಿನಗ ಯಾರದಾರ? ಒಂದು ಗುಟುಕು ನೀರರ ಕುಡದು ಹೋಗೋ.”

ಜಂಬಪ್ಪ ಚೊಂಬಿನ ಕಡೆ ನೋಡಿದ. ಮುಟ್ಟಲಿಲ್ಲ. ಆಕೆಯನ್ನು ಬಳಸಿಕೊಂಡು, ಹೆಸರು ಕೇಳಿ ದಾರಿ ಬಿಟ್ಟು ನಿಂತ ಜನರ ನಡುವೆ ತಲೆ ತಗ್ಗಿಸಿ, ಬೆಳಗಲ್ಲಿಗೆ ಹೋಗುವ ಎಮ್ಮಿಗನೂರಿನ ರಸ್ತೆ ಹಿಡಿದು ನಡೆದ. ಹೊಸ ಬೋರ್ಡಿನ ಕೆಳಗೆ ಬಸವಕ್ಕ ಚೊಂಬು ಹಿಡಿದು ಅವನು ಕಣ್ಣಿಗೆ ಮರೆಯಾಗುವ ತನಕ ನಿಂತಿದ್ದಳು. ಅವನು ಮತ್ತೆ ಆದೋನಿಗೆ ಬರಲಿಲ್ಲ.